ನೀಲಿ ಛತ್ರಿ ಮತ್ತು ಪಿಕ್ ಅಪ್

ಹೋಟೆಲಿನ ಲಾಂಡ್ರಿಯಲ್ಲಿ ಏನು ಒಣಗಿದರೂ ದೊಡ್ಡ ಸೊಸೆಯ ಕೋಪ ಮಾತ್ರ ಒಣಗುತ್ತಿರಲಿಲ್ಲ. ಮನೆಯಲ್ಲಿ ವಾರಗಿತ್ತಿಯಾದ ಚಿಕ್ಕವಳೇ ಕೆಲಸದಲ್ಲೂ ಜೊತೆಗಾತಿ. ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುವಾಗಲೂ ಇಬ್ಬರ ನಡುವೆ ಮಾತಿಲ್ಲ. ಹೇಳಲೇಬೇಕಾದ್ದನ್ನು ಇಸ್ತ್ರಿ ಯಂತ್ರದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಇವರ ಮಾತಿನ ಕಾವಿಗೇ ಎಷ್ಟೋ ದಿಂಬುಚೀಲಗಳು ತಾವಾಗಿ ಇಸ್ತ್ರಿಯಾದವಂತೆ.

ಜಗಳ ಛತ್ರಿಯದು. ದೊಡ್ಡವಳ ನೀಲಿ ಛತ್ರಿಯನ್ನು ಚಿಕ್ಕವಳು ಕೇಳದೆ ಒಯ್ದಳು. ಮರುದಿನ ಅದು ಕಾಲು ಮುರಿದ ಕೊಕ್ಕರೆಯ ಹಾಗೆ ಮೂಲೆಯಲ್ಲಿ ನಿಂತಿತ್ತು. ನಾನು ಮುರಿದಿಲ್ಲ ಎಂದಳು ಚಿಕ್ಕವಳು. ಮತ್ತೆ ಯಾರು ಎಂದರೆ ಬಾಯಿಗೆ ಬೀಗ. ಅತ್ತೆ ಪಕ್ಕದಲ್ಲೇ ಕೂತು ಕಾಳು ಆರಿಸುತ್ತಿದ್ದಳು. ಅಂದಿನಿಂದ ಮಾತು ಬಂದ್.

ಹೀಗಿರುವಾಗ ಲಾಂಡ್ರಿಗೆ ಒಬ್ಬ ಸೂಪರ್‌ವೈಸರ್ ಬೇಕೆಂದರು. ಸಂಬಳದ ಮಾತು ಹಾಗಿರಲಿ, ಆ ಕೆಲಸಕ್ಕೆ ಒಂದು ಕುರ್ಚಿ ಇತ್ತು. ವರ್ಷಗಟ್ಟಲೆ ನಿಂತು ದೊಡ್ಡವಳ ಮಂಡಿ ಕುಂಬಳಕಾಯಿಯಾಗಿತ್ತು. ಕನಸಲ್ಲೂ ಆ ಕುರ್ಚಿಯೇ ಬರುತ್ತಿತ್ತು. ಷರತ್ತು ಒಂದೇ, ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ. ಚಿಕ್ಕವಳೂ ಹೆಸರು ಕೊಟ್ಟಳು.

ಹೋಟೆಲಿನವರು ಪಾಠಕ್ಕೆ ಕರೆಸಿದ ಮೇಷ್ಟ್ರು ‘ಪಿಕ್ ಅಪ್’ ಹಿಡಿದುಕೊಂಡರು. ಎತ್ತುವುದು ಎಂದರು, ದೊಡ್ಡವಳು ಒಪ್ಪಿದಳು. ಫೋನ್ ತೆಗೆಯುವುದೂ ಅದೇ ಎಂದರು, ಸಹಿಸಿದಳು. ಸ್ಟೇಷನ್ನಿಂದ ಕರೆತರುವುದು, ಮಳೆ ಜೋರಾಗುವುದು, ಜ್ವರ ಹತ್ತುವುದು, ನೋಡಿ ನೋಡಿ ಕಲಿಯುವುದು, ಎಲ್ಲಾ ಅದೇ ಎಂದಾಗ ಅವಳ ತಾಳ್ಮೆ ಕೆಟ್ಟಿತು.

“ಅಲ್ಲ ಮೇಷ್ಟ್ರೇ, ಅವರಿಗೆ ಪದಕ್ಕೇನು ಬರಗಾಲವಾ? ಒಂದೇ ಎತ್ತಿನ ಕೈಲಿ ಊರೆಲ್ಲಾ ಉಳುಮೆ ಮಾಡಿಸ್ತಾರಲ್ಲ.”

ಪರೀಕ್ಷೆಯ ದಿನ ಮ್ಯಾನೇಜರು ಹಾಳೆಯೊಂದನ್ನು ನೋಡಿ ಜೋಡಿ ಕರೆದರು. ದೊಡ್ಡವಳ ಎದುರು ಚಿಕ್ಕವಳು. ಪಿಕ್ ಅಪ್ ಬಳಸಿ ಇಬ್ಬರೂ ಮಾತಾಡಬೇಕು. ಮನೆಮಾತು ಬರಕೂಡದು, ಸುಮ್ಮನಾದವರು ಸೋತಂತೆ. ದೊಡ್ಡವಳು ಯೋಚಿಸಿದಳು. ತಾನು ಮಾತು ಬಿಟ್ಟಿದ್ದು ಮನೆಮಾತಿನಲ್ಲಿ, ಇಂಗ್ಲಿಷಿಗೆ ಆಣೆ ಹಾಕಿರಲಿಲ್ಲ.

“ಯೂ ಪಿಕ್ ಅಪ್ ಮೈ ಅಂಬ್ರೆಲಾ,” ಎಂದು ಶುರು ಮಾಡಿದಳು.

ಆಮೇಲೆ ಇಂಗ್ಲಿಷಿನ ಕಟ್ಟೆಯೇ ಒಡೆಯಿತು. ಫೋನ್ ಮಾಡಿದರೆ ನೀನು ಪಿಕ್ ಅಪ್ ಮಾಡಲಿಲ್ಲ. ಮಳೆ ಪಿಕ್ ಅಪ್ ಆಯಿತು. ನನ್ನನ್ನು ಪಿಕ್ ಅಪ್ ಮಾಡಲು ನಾಯಿಯೂ ಬರಲಿಲ್ಲ. ನೆನೆದು ಜ್ವರ ಪಿಕ್ ಅಪ್ ಮಾಡಿಕೊಂಡೆ. ಈ ಸುಳ್ಳು ಹೇಳೋದನ್ನ ಯಾರ ಹತ್ತಿರ ಪಿಕ್ ಅಪ್ ಮಾಡಿದೆ? ವ್ಯಾಕರಣ ಒಗೆಯಲು ಹಾಕಿದ ಬಟ್ಟೆಯ ಹಾಗೆ ಸುತ್ತಿಕೊಂಡಿತ್ತು, ಅರ್ಥ ಮಾತ್ರ ಒಂದೂ ತಪ್ಪಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು.

ಈಗ ಚಿಕ್ಕವಳ ಸರದಿ. “ಐ ಬ್ರಿಂಗ್ ಹೋಮ್, ಅಂಬ್ರೆಲಾ ಓಕೆ. ದೆನ್ ಮದರ್-ಇನ್-ಲಾ ಪಿಕ್ ಅಪ್. ಅಪ್ ಶೆಲ್ಫ್ ಒನ್ ಟಿನ್. ಶೀ ಪುಲ್ ವಿತ್ ಅಂಬ್ರೆಲಾ. ಕ್ರ್ಯಾಕ್. ಹೌ ಐ ಟೆಲ್ ಎಟ್ ಹೋಮ್? ಶೀ ಆಲ್ವೇಸ್ ಸಿಟ್ಟಿಂಗ್ ದೇರ್.”

ದೊಡ್ಡವಳ ಬಾಯಿ ತೆರೆದದ್ದು ತೆರೆದೇ ಇತ್ತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟು ಸಾಕಿದ ಕೆಂಡ, ಈಗ ಯಾರ ಮೇಲೆ ಸುರಿಯುವುದು? ಮೇಷ್ಟ್ರು ಕಣ್ಣಲ್ಲೇ ಬೇಡಿಕೊಂಡರು, ಒಂದು ವಾಕ್ಯ, ಒಂದೇ ಒಂದು. ಬರಲಿಲ್ಲ. ಮ್ಯಾನೇಜರು ಗಡಿಯಾರ ನೋಡಿ ಏನೋ ಗೀಚಿಕೊಂಡರು. ಕುರ್ಚಿ ಚಿಕ್ಕವಳ ಪಾಲಾಯಿತು.

ಅಂದು ಅತ್ತೆಗೆ ಬಡಿಸಿದ್ದು ದೊಡ್ಡವಳೇ. ಬಡಿಸುತ್ತಾ ಛತ್ರಿ, ಡಬ್ಬ, ಜ್ವರ, ಮಂಡಿ, ಕುರ್ಚಿ ಎಲ್ಲವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಸಹಸ್ರನಾಮ ಮಾಡಿದಳು. ಪರೀಕ್ಷೆಯಲ್ಲಿ ಬಾರದ ವಾಕ್ಯಗಳೆಲ್ಲ ಈಗ ಸಾಲುಗಟ್ಟಿ ಬಂದವು.

ಅತ್ತೆ ತುತ್ತು ಹಿಡಿದು ಕೇಳಿದಳು. “ಏನಂತೆ ಇವಳದು?”

“ಇನ್ನೊಂದು ಸ್ವಲ್ಪ ಹಾಕಿಸ್ಕೊಳಿ ಅಂತಿದ್ದಾಳೆ ಅತ್ತೆ,” ಎಂದಳು ಚಿಕ್ಕವಳು.

“ಅಷ್ಟಕ್ಕೆ ಇಷ್ಟುದ್ದನಾ?”

“ಇಂಗ್ಲಿಷೇ ಹಾಗೆ.”

ಅತ್ತೆ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದಳು. ತುತ್ತು ನಿಧಾನವಾಗಿ ಅಗಿದು ನುಂಗಿದಳು.

“ಮೇಷ್ಟ್ರಿಗೆ ಹೇಳಿಡ್ರೇ. ನಾಳೆಯಿಂದ ನಾನೂ ಬರ್ತೀನಿ.”