‘ಮರಕುಟಿಗ’ನಿಗೊಬ್ಬ ಹೊಸ ಡೈರೆಕ್ಟರು

ಗಂಡನಿಗೆ ಗೊತ್ತಾಗದ ಹಾಗೆ ಗಂಡನ ಕೆಲಸಕ್ಕೆ ಇನ್ನೊಬ್ಬರನ್ನು ಹುಡುಕುವುದು ಎಂಥ ಕಷ್ಟ ಅಂತ ಬೇಕಿದ್ದರೆ ಆ ನಿರ್ಮಾಪಕಿಯನ್ನು ಕೇಳಿ. ಹಗಲಿಡೀ ಆಫೀಸಿನ ಬಾಗಿಲು ಹಾಕಿಕೊಂಡು ಡೈರೆಕ್ಟರುಗಳ ಜೊತೆ ಮಾತು. ಸಂಜೆ ಮನೆಗೆ ಬಂದು ಗಂಡನ ಎದುರು ಕೂತು, “ಇವತ್ತೇನಿಲ್ಲ ರೀ, ಬರೀ ಬಿಲ್ಲು ಗಿಲ್ಲು” ಅನ್ನುವ ಸುಳ್ಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಒಂದು ತಿಂಗಳಿನಿಂದ ಇದೇ ನಡೆದಿತ್ತು.

ಅವಳ ಗಂಡ ಸಾಮಾನ್ಯ ಆಸಾಮಿಯಲ್ಲ. ‘ಮರಕುಟಿಗ’ ಮಾಡಿದವರು. ಕಥೆ ಇಷ್ಟೇ: ಒಬ್ಬ ಬಡಗಿ, ತಲೆಗೆ ಕೆಂಪು ಟೋಪಿ. ಯಾವುದೇ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಅದರಾಚೆ ಕಷ್ಟದಲ್ಲಿರುವವರ ದನಿ ಅವನಿಗೆ ಕೇಳಿಸುತ್ತದೆ. ಆಮೇಲೆ ಗೋಡೆಯೋ ಉಕ್ಕಿನ ಬಾಗಿಲೋ, ಒಡೆದುಕೊಂಡು ನುಗ್ಗುವುದೇ. ಹಂಚಿಕೆದಾರರು ಆಗ, “ಮರಕುಟಿಗ ಅಂತ ಹೆಸರಿಟ್ರೆ ಯಾರ್ ಬರ್ತಾರೆ ಮೇಡಂ? ಹುಲಿ, ಸಿಂಹ ಅಂತ ಏನಾದ್ರೂ ಇಡಿ” ಅಂತ ಮೂಗು ಮುರಿದಿದ್ದರು. ಜನ ಬಂದರು ನೋಡಿ! ಅಜ್ಜಿಯರು ಬಂದರು, ಸಿನಿಮಾ ಅಂದರೆ ಉರಿದು ಬೀಳುವ ಮೇಷ್ಟರುಗಳು ಬಂದರು. ಮಕ್ಕಳಂತೂ ಕಂಡವರ ಮನೆ ಗೋಡೆಯನ್ನೆಲ್ಲ ತಟ್ಟಿ ಬೈಸಿಕೊಂಡವು.

ಇನ್ನು ಎರಡನೇ ಭಾಗ. ಮರಕುಟಿಗನ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಅವಳಿಗೂ ಗೋಡೆಯಾಚೆಯ ದನಿ ಕೇಳಿಸತೊಡಗುತ್ತದೆ, ಆದರೆ ಅವಳಿಗೆ ಅದು ಬೇಡ. ಕಥೆ ಎಲ್ಲರಿಗೂ ಹಿಡಿಸಿತು. ಗಂಡ ಪರೀಕ್ಷೆಗೆ ಅಂತ ಒಂದು ಸೀನು ತೆಗೆದರು: ಅಡುಗೆಮನೆ, ಅಪ್ಪ, ಮಗಳು, ಜಗಳ. ಸ್ಟುಡಿಯೋದ ಪುಟ್ಟ ಹಾಲಿನಲ್ಲಿ ನಾಲ್ಕಾರು ಜನ ಕೂತು ಅದನ್ನು ನೋಡಿದರು. ಬೆಳಕು ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು, ಹುಡುಗಿಯೂ ಚೆನ್ನಾಗಿದ್ದಳು. ಜೀವ ಮಾತ್ರ ಇರಲಿಲ್ಲ.

ಯಾಕೆ ಅಂತ ನಿರ್ಮಾಪಕಿಗೆ ಆ ಕ್ಷಣವೇ ತಿಳಿಯಿತು. ಅವಳ ಗಂಡ ಪ್ರತಿ ಪಾತ್ರವನ್ನೂ ತಾವೇ ಆಡಿ ತೋರಿಸುವ ಡೈರೆಕ್ಟರು. ಮುದುಕಿಯಾದರೆ ಮುದುಕಿ, ಪೊಲೀಸಾದರೆ ಪೊಲೀಸು, ಎಲ್ಲ ಅವರೇ. ಮೊದಲನೇ ಭಾಗದ ಹೀರೋ ನುರಿತ ನಟ. “ಆಯ್ತು ಸಾರ್” ಅಂದು ತನಗೆ ಬೇಕಾದ ಹಾಗೆ ಮಾಡಿಕೊಂಡು ಹೋಗುತ್ತಿದ್ದ. ಈ ಹುಡುಗಿ ಪಾಪ, ದೊಡ್ಡವರು ತೋರಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ತೆರೆಯ ಮೇಲೆ ಲಂಗ ತೊಟ್ಟ ತನ್ನ ಗಂಡನನ್ನೇ ನೋಡುತ್ತಿದ್ದೇನೆ ಅನ್ನಿಸಿತು ನಿರ್ಮಾಪಕಿಗೆ. ಆದರೂ ದೀಪ ಹತ್ತಿದಾಗ ಗಂಡನ ಮುಖ ನೋಡಿ ಚಪ್ಪಾಳೆ ತಟ್ಟಿದಳು.

ಅದಾದ ಮೇಲೆ ಗಂಡನಿಗೆ ಎದೆಯ ಆಪರೇಷನ್ ಆಯಿತು. ಡಾಕ್ಟರು ವಿಶ್ರಾಂತಿ ಅಂದರು. ಗಂಡನ ಪ್ರಾಣ ಉಳಿಯಿತಲ್ಲ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತವಳಿಗೆ, ಅಳು ನಿಂತ ಮೇಲೆ, ಸದ್ಯ ಒಂದು ನೆಪ ಸಿಕ್ಕಿತು ಅಂತಲೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು. ಆದರೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇದೇ ದಾರಿ: ಮೊದಲು ಹೊಸ ಡೈರೆಕ್ಟರನ್ನು ಗೊತ್ತು ಮಾಡುವುದು, ಆಮೇಲೆ ಎಲ್ಲವನ್ನೂ ಡಾಕ್ಟರ ತಲೆಗೆ ಕಟ್ಟುವುದು.

ಅಳೆದೂ ಸುರಿದೂ ಮೂರು ಜನ ಉಳಿದರು. ಒಬ್ಬರು ಬೆಂಕಿ ಡೈರೆಕ್ಟರು. ಸಿನಿಮಾಕ್ಕೊಂದು ಕಾರಾದರೂ ಸುಡದಿದ್ದರೆ ಅವರಿಗೆ ಅನ್ನ ಸೇರದು. ಇನ್ನೊಬ್ಬರು ಮೌನಿ. ಏನು ಕೇಳಿದರೂ ಕಿಟಕಿಯಾಚೆ ನೋಡುತ್ತ ಮುಗುಳ್ನಗುತ್ತಿದ್ದರು. ಎಂಥ ಆಳವಪ್ಪಾ ಅಂತ ನಿರ್ಮಾಪಕಿ ಬೆರಗಾಗಿದ್ದಳು. ಮೂರನೇ ಭೇಟಿಯಲ್ಲಿ ಗೊತ್ತಾಯಿತು, ಅವರು ಕಥೆಯನ್ನೇ ಓದಿರಲಿಲ್ಲ.

ಕೊನೆಯವಳು ಗುಂಗುರು. ಕೂದಲಿಂದ ಬಂದ ಹೆಸರು. ಇಲ್ಲಿಯವರೆಗೆ ಮಾಡಿದ್ದು ಒಂದೇ ಪುಟ್ಟ ಸಿನಿಮಾ. ಅದರಲ್ಲಿ ಯಾರೂ ಹಾರಿರಲಿಲ್ಲ, ಯಾವ ಗೋಡೆಯೂ ಬಿದ್ದಿರಲಿಲ್ಲ. ಆಫೀಸಿನ ಕುರ್ಚಿಯ ತುದಿಯಲ್ಲಿ ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕೂತಿದ್ದಳು.

“ಅಡುಗೆಮನೆ ಸೀನು ಹೇಗ್ ತೆಗೀತೀಯಮ್ಮ?” ಅಂತ ನಿರ್ಮಾಪಕಿ ಕೇಳಿದಳು.

“ನಂಗೊತ್ತಿಲ್ಲ ಮೇಡಂ. ಆ ಹುಡುಗೀನ ಕೇಳ್ಬೇಕು.”

“ಏನಂತ?”

“ಅಪ್ಪನ ಮೇಲೆ ಸಿಟ್ಟು ಬಂದ್ರೆ ಅವ್ಳು ಏನ್ ಮಾಡ್ತಾಳೆ ಅಂತ. ಕೆಲವ್ರು ಕಿರಿಚ್ತಾರೆ, ಕೆಲವ್ರು ಊಟ ಬಿಡ್ತಾರೆ. ನಾನಂತೂ ಇಡೀ ದಿನ ನಮ್ಮಪ್ಪನಿಗೆ ‘ನೀವು, ತಾವು’ ಅಂತ ಮರ್ಯಾದೆ ಕೊಟ್ಟು ಮಾತಾಡ್ತಿದ್ದೆ. ಪಾಪ, ಕಂಗಾಲಾಗೋರು.”

ನಿರ್ಮಾಪಕಿ ಜೋರಾಗಿ ನಕ್ಕುಬಿಟ್ಟಳು. ಇವಳೇ! ಎಷ್ಟೋ ದಿನದಿಂದ ಹುಡುಕುತ್ತಿದ್ದುದು ಕಾಲಿಗೆ ತೊಡರಿದ ಹಾಗಾಯಿತು. ಕಾಗದ ಪತ್ರ ಆಮೇಲಾಗಲಿ, ಕೈ ಕುಲುಕೋಣ ಅಂತ ಎದ್ದಳು.

“ಒಂದು ಷರತ್ತಿದೆ ಮೇಡಂ,” ಅಂದಳು ಗುಂಗುರು. ಅವಳ ಮುಖ ಸಣ್ಣಗಾಗಿತ್ತು. “ಸಾರ್ ಸೆಟ್ಟಿಗೆ ಬರ್ಬಾರ್ದು. ಒಂದು ದಿನಾನೂ. ತೆಗೆದಿದ್ದನ್ನ ನಡುವೆ ನೋಡ್ಲೂಬಾರ್ದು.”

ನಿರ್ಮಾಪಕಿಯ ಪಿತ್ತ ನೆತ್ತಿಗೇರಿತು. “ಏನಂದೆ? ಯಾರ ಆಫೀಸಲ್ಲಿ ಕೂತು ಯಾರನ್ನ ಬೇಡ ಅಂತಿದ್ದೀಯಾ? ಮರಕುಟಿಗ ಅವರ ಹೆತ್ತ ಮಗು ಇದ್ದ ಹಾಗೆ ಕಣಮ್ಮಾ! ಆಪರೇಷನ್ ಆಗಿ ಮಲಗಿರೋ ಮನುಷ್ಯನಿಗೆ ಹೋಗಿ ‘ನಿಮ್ಮ ಮಗೂನ ನೋಡೋಕೂ ಬರ್ಬೇಡಿ’ ಅಂತ ನಾನು ಹೇಳ್ಲಾ?”

ಗುಂಗುರುವಿನ ಕಣ್ಣು ತುಂಬಿತು. ಏನೋ ಹೇಳಲು ಹೋಗಿ ನುಂಗಿಕೊಂಡಳು. “ಅದು ಬಿಟ್ಟು ಬೇರೇನ್ ಹೇಳಿದ್ರೂ ಕೇಳ್ತೀನಿ ಮೇಡಂ,” ಅಂದು ಎದ್ದು ನಿಂತಳು.

“ಹೋಗ್ಬಾ,” ಅಂದಳು ನಿರ್ಮಾಪಕಿ.

ಅಲ್ಲಿಗೆ ಬೆಂಕಿಯೇ ಗತಿ ಅಂತಾಯಿತು. ಬೆಂಕಿ ಒಳ್ಳೆಯವರು, ಮಾತು ಬೆಣ್ಣೆ. “ಸೆಟ್ಟಲ್ಲಿ ಸಾರ್‌ಗೆ ಅಂತಾನೇ ಒಂದು ಕುರ್ಚಿ ಹಾಕಿಸ್ತೀನಿ, ಹೆಸರಿನ ಮುಂದೆ ಮಾರ್ಗದರ್ಶನ ಅಂತ ದೊಡ್ಡದಾಗಿ ಹಾಕೋಣ” ಅಂದಿದ್ದರು. ಸಿನಿಮಾ ಹಾಳಾಗುತ್ತದೆ, ಅದು ಅವಳಿಗೆ ಗೊತ್ತು. ಹಾಳಾದರೆ ಹಾಳಾಗಲಿ, ಗಂಡ ಉಳಿಯುತ್ತಾರಲ್ಲ ಅಂದುಕೊಂಡು ಮನೆಗೆ ಹೊರಟಳು. ದಾರಿಯುದ್ದಕ್ಕೂ ಡಾಕ್ಟರ ಹೆಸರಿನಲ್ಲಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು.

ಊಟದ ಮೇಜಿಗೆ ಮೂವರು. ಗಂಡ, ಅವಳು, ಅತ್ತೆ. ಅತ್ತೆಗೆ ಕಿವಿ ಮಂದ. ಆದರೆ ಕೇಳಬಾರದ್ದು ಯಾವುದೂ ತಪ್ಪಿಹೋಗುವುದಿಲ್ಲ. ಗಂಡ ಉಪ್ಪಿಲ್ಲದ ಸಾರನ್ನು ಕಷಾಯದ ಹಾಗೆ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು.

“ರೀ, ಒಂದ್ ಮಾತು,” ಅಂತ ಶುರು ಮಾಡಿದಳು. “ಡಾಕ್ಟ್ರು ಏನಂದ್ರು ಅಂದ್ರೆ...”

“ಬೆಂಕೀನ ತಗೋಬೇಡ,” ಅಂದರು ಗಂಡ.

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. “ಯಾ... ಯಾವ ಬೆಂಕಿ?”

“ಅಯ್ಯೋ, ಸಾಕ್ ಮಾಡಮ್ಮ ನಾಟಕ,” ಅಂದರು ಅತ್ತೆ. “ಮೂರೂ ಜನ ಬಂದು ಹೋಗಿದ್ದಾರೆ. ಟೀ ಮಾಡಿ ಮಾಡಿ ನನ್ನ ಕೈ ಬಿದ್ಹೋಯ್ತು. ಆ ಮಾತೇ ಆಡ್ದೇ ಇರೋನು ಬಿಸ್ಕತ್ತೆಲ್ಲ ಖಾಲಿ ಮಾಡ್ದ.”

ಸಿನಿಮಾದವರಲ್ಲಿ ನೂರು ಕೆಟ್ಟ ಬುದ್ಧಿ ಇರಬಹುದು, ಆದರೆ ಈ ಒಂದು ಮರ್ಯಾದೆ ಇನ್ನೂ ಉಳಿದಿದೆ: ಒಬ್ಬರು ಮಾಡಿದ ಚಿತ್ರದ ಎರಡನೇ ಭಾಗಕ್ಕೆ ಕೈ ಹಾಕುವ ಮೊದಲು ಅವರ ಮನೆಗೆ ಹೋಗಿ ಒಂದು ಮಾತು ಕೇಳುವುದು. ನಿರ್ಮಾಪಕಿಗೆ ಇದು ಗೊತ್ತಿಲ್ಲದ್ದೇನಲ್ಲ. ಅದಕ್ಕೇ “ಯಾರಿಗೂ ಹೇಳ್ಬೇಡಿ” ಅಂತ ಮೂವರಿಂದಲೂ ಮಾತು ತೆಗೆದುಕೊಂಡಿದ್ದಳು. ಮೂವರೂ ಮಾತು ಉಳಿಸಿಕೊಂಡಿದ್ದರು. ಮೊದಲ ಭಾಗದ ಡೈರೆಕ್ಟರೂ ಆ ‘ಯಾರಿಗೂ’ದಲ್ಲಿ ಸೇರುತ್ತಾರೆ ಅಂತ ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

“ಮತ್ತೆ ನೀವ್ಯಾಕೆ ಸುಮ್ನಿದ್ರಿ?” ಅಂದಳು.

“ನೀನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ. ಅದನ್ಯಾಕೆ ಕೆಡಿಸ್ಲಿ ಅಂತ.” ಅವರು ನಗಲು ನೋಡಿದರು. “ಗುಂಗುರೂನ ಯಾಕೆ ಕಳಿಸ್ಬಿಟ್ಟೆ? ಮಧ್ಯಾಹ್ನ ಅಳ್ತಾ ಫೋನ್ ಮಾಡಿದ್ಲು.”

“ಆ ಸೊಕ್ಕಿನ ಹುಡುಗಿ ಏನ್ ಕೇಳಿದ್ಲು ಗೊತ್ತಾ ನಿಮ್ಗೆ?”

“ಗೊತ್ತು. ನಾನೇ ಹೇಳ್ಕೊಟ್ಟೆ.”

ನಿರ್ಮಾಪಕಿ ಚಮಚವನ್ನು ಮೇಜಿನ ಮೇಲೆ ಕುಕ್ಕಿದಳು.

“ಅವ್ಳು ಬೇಡ ಬೇಡ ಅಂದ್ಲು. ನಾನೇ ಪಟ್ಟು ಹಿಡಿದೆ. ಆ ಒಂದು ಷರತ್ತು ಬಿಟ್ಟುಕೊಡ್ಬೇಡ, ನಾನ್ ಹೇಳ್ದೆ ಅಂತಾನೂ ಹೇಳ್ಬೇಡ ಅಂದೆ. ನಂಗೆ ನಾನು ಗೊತ್ತಿಲ್ವೇನೇ? ಸೆಟ್ಟಲ್ಲಿ ಕುರ್ಚಿ ಹಾಕಿ ಕೂರಿಸಿದ್ರೆ ಸುಮ್ನೆ ಕೂತಿರ್ತೀನಾ? ಹತ್ತು ನಿಮಿಷ. ಆಮೇಲೆ ಎದ್ದು ಹೋಗಿ ‘ಹಾಗಲ್ಲಮ್ಮ, ಹೀಗೆ’ ಅಂತೀನಿ. ನನ್ನ ಕಟ್ಟಿ ಹಾಕೋರು ಬೇಕು ಕಣೇ. ಬೆಂಕಿಗೆ ಆ ಧೈರ್ಯ ಇಲ್ಲ. ನಿಂಗೂ ಇಲ್ಲ.”

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಗಂಡ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಈಗ ನಾನೊಂದು ಕೇಳ್ತೀನಿ. ಈ ಆಪರೇಷನ್ ಆಗ್ದೇ ಇದ್ದಿದ್ರೆ ಎರಡನೇ ಭಾಗ ನಂಗೇ ಕೊಡ್ತಿದ್ಯಾ?”

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಒಂದೇ ಅಕ್ಷರ. ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ, ಎದೆಯ ಮೇಲೆ ಗಾಯದ ಗುರುತಿದೆ, ಅದು ಸುಳ್ಳು ಅಂತ ಯಾರೂ ಅನ್ನುವ ಹಾಗಿರಲಿಲ್ಲ. ತಿಂಗಳಿಡೀ ಸುಳ್ಳು ಹೇಳಿ ಪಳಗಿದ್ದ ನಾಲಿಗೆ ಬೇರೆ. ಆದರೆ ಎದುರಿಗೆ ಆ ಮುಖ, ಬೇಡುವ ಹಾಗೆಯೂ ಹೆದರಿದ ಹಾಗೆಯೂ ನೋಡುತ್ತಿದ್ದ ಆ ಮುಖ. ಈ ಮನುಷ್ಯನನ್ನು ಎಷ್ಟು ಪ್ರೀತಿಸುತ್ತೇನಲ್ಲ ದೇವರೇ ಅನ್ನಿಸಿತು ಅವಳಿಗೆ.

“ಇಲ್ಲ,” ಅಂದಳು.

“ಯಾಕೆ?”

“ಆ ಹುಡುಗಿ ನಿಮ್ಮ ಹಾಗೇ ಕತ್ತು ತಿರುಗಿಸ್ತಾಳೆ ರೀ. ನಿಮ್ಮ ಹಾಗೇ ಹುಬ್ಬು ಗಂಟು ಹಾಕ್ತಾಳೆ. ಅವ್ಳು ಎಲ್ಲಿದ್ದಾಳೆ ಅಂತ ಆ ಸೀನಿಡೀ ಹುಡುಕಿದೆ, ಸಿಗ್ಲಿಲ್ಲ.” ಅವಳು ಕಣ್ಣೊರೆಸಿಕೊಳ್ಳಲಿಲ್ಲ. “ಮೊದಲ್ನೇದು ನಿಮ್ಮ ಕಥೆ. ನಿಮ್ಮಷ್ಟು ಚೆನ್ನಾಗಿ ಯಾರಪ್ಪನ ಕೈಲೂ ಆಗ್ತಿರ್ಲಿಲ್ಲ. ಇದು ಅವಳ ಕಥೆ. ಇದು ನಿಮ್ಮ ಕೈಲಿ ಆಗಲ್ಲ.”

“ಅವತ್ತು ಚಪ್ಪಾಳೆ ತಟ್ಟಿದ್ಯಲ್ಲ?”

“ತಟ್ಟಿದೆ.”

“ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ನನ್ನ ಕೆಲಸಕ್ಕೆ ಚಪ್ಪಾಳೆ ತಟ್ಟಿದ್ದೀಯೇನೇ? ಊರೆಲ್ಲ ಹೊಗಳೋವಾಗ ‘ನಡುವೆ ಸ್ವಲ್ಪ ಎಳೀತು’ ಅಂದೋಳು ನೀನು. ನೀನು ತಟ್ಟಿದ ತಕ್ಷಣ ನಂಗೆ ಗೊತ್ತಾಯ್ತು, ಮುಗೀತು ಅಂತ.” ಅವರು ಎದ್ದರು. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದರು.

ನೀರು ಸುರಿಯುತ್ತಲೇ ಇತ್ತು. ನಿರ್ಮಾಪಕಿ ಎದ್ದು ಹೋಗಲು ನೋಡಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಕೂರಿಸಿದರು.

“ಅಳ್ತಿದ್ದಾನೆ, ಅಳ್ಲಿ ಬಿಡು. ಹೂಂ ಅಂದಿದ್ರೆ ನಿನ್ನ ಮುಖ ನೋಡ್ದಾಗೆಲ್ಲ ಅಳ್ತಿದ್ದ.”

ಗಂಡ ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಮುಂಗೂದಲೆಲ್ಲ ಒದ್ದೆ. ಅವಳ ಪಕ್ಕದಲ್ಲಿ ನಿಂತು, ಭುಜದ ಮೇಲೆ ಕೈಯಿಟ್ಟರು. “ಗುಂಗುರುಗೆ ಫೋನ್ ಮಾಡು. ಆ ಮಗು ಊಟಾನೂ ಮಾಡಿರಲ್ಲ,” ಅಂದರು.

ಚಿತ್ರೀಕರಣದ ಮೊದಲ ದಿನ ನಿರ್ಮಾಪಕಿ ಬೆಳಕು ಹರಿಯುವ ಮೊದಲೇ ಎದ್ದಳು. ಪಕ್ಕದ ಹಾಸಿಗೆ ಖಾಲಿ. ಸ್ನಾನ ಮುಗಿಸಿ ಕೆಳಗೆ ಬಂದರೆ ಗಂಡ ಹೊರಬಾಗಿಲ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಶೂ, ಲೇಸು ಕೂಡ ಬಿಗಿಯಾಗಿ ಕಟ್ಟಿತ್ತು. ಅವಳು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು.

“ಬರ್ತಿಲ್ಲ ಕಣೇ, ಹೆದರ್ಬೇಡ,” ಅಂದರು ಅವರು. “ಕಾಲು ತಾನಾಗೇ ಹಾಕ್ಕೊಂಡ್ಬಿಡ್ತು.” ಕಾಲನ್ನೇ ನೋಡುತ್ತ ನಿಂತರು. ಶೂ ಬಿಚ್ಚಬೇಕೋ ಬೇಡವೋ ಅಂತ ಅವರಿಗೇ ತಿಳಿದಂತಿರಲಿಲ್ಲ. “ಹೋಗ್ಬಾ. ಚೆನ್ನಾಗಿ ಬಂದ್ರೆ... ಬೇಡ, ಬಂದು ನಂಗೇನೂ ಹೇಳ್ಬೇಡ.”

ಹೊರಗೆ ಕಾರು ಕಾಯುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಶಾಲು ಹೊದ್ದುಕೊಳ್ಳುತ್ತ ಬಂದರು. “ಎಲ್ಲಿಗೋ ಹೊರಟೆ?”

“ಎಲ್ಲಿಗೂ ಇಲ್ಲಮ್ಮ. ಸುಮ್ನೆ.”

“ಸುಮ್ನೆ ಯಾರಾದ್ರೂ ಶೂ ಹಾಕ್ಕೋತಾರೇನೋ? ನಡಿ, ನನ್ನ ಕರ್ಕೊಂಡು ಒಂದು ಸುತ್ತು ಹೋಗಿ ಬಾ. ಮೊದಲ್ನೇ ಪಿಕ್ಚರ್ ತೆಗೆಯೋಕೆ ಹೋದಾಗಿಂದ ಬೆಳಿಗ್ಗೆ ಬೆಳಿಗ್ಗೆ ಈ ಬಾಗಿಲಲ್ಲಿ ಬರೀ ನಿನ್ನ ಬೆನ್ನು ನೋಡಿದ್ದೇ ಆಯ್ತು. ಇವತ್ತೊಂದಿನ ಪಕ್ಕದಲ್ಲಿ ನಡಿ.”

ಗಂಡ ತಾಯಿಯನ್ನೇ ನೋಡಿದರು. ಆಮೇಲೆ ತೋಳು ಚಾಚಿದರು. ಇಬ್ಬರೂ ಮೆಟ್ಟಿಲಿಳಿದರು.

ನಿರ್ಮಾಪಕಿ ಕಾರಿನಲ್ಲಿ ಕೂತಳು. ಕಣ್ಣು ಮಂಜಾಗಿ ಬಾಗಿಲ ಹಿಡಿ ಸಿಗಲು ಹೊತ್ತಾಯಿತು. ಕಿಟಕಿಯಾಚೆ ಗಂಡ ಆಗಲೇ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು, ಮಂಡಿ ಬಗ್ಗಿಸಿ ತೋರಿಸುತ್ತಿದ್ದರು. “ಹಾಗಲ್ಲಮ್ಮ, ಇಲ್ಲಿ ಕಲ್ಲಿದೆ. ನೋಡು, ಹೀಗೆ ಕಾಲಿಡು.”

“ನಂಗೆ ನಡೆಯೋದು ಹೇಳ್ಕೊಡ್ತೀಯೇನೋ?” ಅಂದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. “ನಿಂಗೆ ನಡೆಯೋಕೆ ಕಲಿಸಿದೋಳು ನಾನು. ಬಾ ಇತ್ಲಾಗೆ, ಕೈ ಹಿಡ್ಕೋ.”

ಗಂಡ ಹಿಂದಕ್ಕೆ ಬಂದರು, ತಾಯಿಯ ಕೈ ಹಿಡಿದರು. ಆಮೇಲೆ ಏನೂ ತೋರಿಸಲಿಲ್ಲ. ಆಕೆಯ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ನಿಧಾನ ಮಾಡಿಕೊಂಡು ಬೀದಿಯ ತಿರುವಿನವರೆಗೂ ಹಾಗೇ ನಡೆದರು. ಅವರು ಮರೆಯಾದ ಮೇಲೆ ನಿರ್ಮಾಪಕಿ ಮೂಗೊರೆಸಿಕೊಂಡು ಡ್ರೈವರಿಗೆ, “ಹೊರಡಪ್ಪ, ಅಲ್ಲಿ ಆ ಹುಡುಗಿ ಕಾಯ್ತಿರ್ತಾಳೆ,” ಅಂದಳು.