ಮೂರನೆಯ ಚಮಚ

ಚಾಂಗ್ ಹಿರಿಯರ ಹೆಂಡತಿ ಯಾರನ್ನೂ ಕೇಳದೆ ಕುಮ್‌ರ್ಯೆಯ ಅಡುಗೆಮನೆಗೆ ಹೋಗಿ ಅಕ್ಕಿ ಗುಡಾಣದ ಮುಚ್ಚಳ ತೆಗೆದಳು. ಬಗ್ಗಿ ನೋಡಿದಳು. ಆಮೇಲೆ ಮೊಳೆಗೆ ನೇತುಹಾಕಿದ್ದ, ಕೆಂಪು ದಾರದಲ್ಲಿ ಶಿಲುಬೆ ಹೊಲಿದ ಬಿಳಿ ಚೀಲವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಂದು ಎಲ್ಲರ ನಡುವೆ, ಹಣ್ಣಿನ ತಟ್ಟೆಯ ಪಕ್ಕ ಇಟ್ಟಳು.

"ಖಾಲಿ," ಎಂದಳು.

ಕುಮ್‌ರ್ಯೆ ಹಣ್ಣು ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟಳು. ಅದು ಕೈಯಲ್ಲಿರುವುದು ಆ ಹೊತ್ತಿಗೆ ಒಳ್ಳೆಯದಲ್ಲ ಎನ್ನಿಸಿತು.

ಆ ಕಡಲೂರಿನ ವಿಶ್ವಾಸಿಗಳ ಮನೆಯಲ್ಲೆಲ್ಲ ಅಂಥದೊಂದು ಚೀಲ ಇರುತ್ತದೆ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಮನೆಯಲ್ಲಿರುವ ತಲೆಗೊಂದು ಚಮಚದಂತೆ ದೇವರ ಪಾಲು ಎಂದು ಅದರೊಳಗೆ ಹಾಕಿ, ಭಾನುವಾರ ಸಭೆಗೆ ಒಯ್ಯುತ್ತಾರೆ. ಪಾಸ್ಟರೂ, ಮನೆಮನೆಗೆ ಹೋಗಿ ಪ್ರಾರ್ಥಿಸಿ ಸಮಾಧಾನ ಹೇಳುವ ಸುವಾರ್ತಿಕೆಯೂ ಉಣ್ಣುವುದು ಆ ಅಕ್ಕಿಯನ್ನೇ. ಹತ್ತೊಂಬತ್ತು ವರ್ಷದಿಂದ ಸುವಾರ್ತಿಕೆಯಾಗಿದ್ದ ಕುಮ್‌ರ್ಯೆ ಅದನ್ನೇ ಉಂಡು, ಅದರಿಂದಲೇ ತನ್ನ ಚೀಲಕ್ಕೂ ಎರಡು ಚಮಚ ತೆಗೆದಿಟ್ಟವಳು. ಈ ಚಳಿಗಾಲದಲ್ಲಿ ಗಂಡ ತೇಷಿಕ್‌ಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅವನನ್ನು ಬಿಟ್ಟು ಮನೆಮನೆ ಸುತ್ತಲು ಅವಳಿಂದ ಆಗಲಿಲ್ಲ. ಕೆಲಸ ಮಾಡದವರಿಗೆ ಪಾಲು ಯಾಕೆ ಎಂದು ಅವಳ ಅಕ್ಕಿ ನಿಲ್ಲಿಸಿದವರು ಸಭೆಯ ಆಡಳಿತ ನೋಡುವ ಇದೇ ಚಾಂಗ್ ಹಿರಿಯರು. ಕೊನೆಗೆ ಚೀಲದಲ್ಲಿದ್ದುದನ್ನೇ ಗಂಜಿ ಕಾಯಿಸಿ ಅವಳು ಗಂಡನಿಗೆ ಕುಡಿಸಿದ್ದಳು. ಕೊಡುವ ಕೈಯನ್ನು ತಾವೇ ಹಿಂದೆಗೆದುಕೊಂಡು, ಈಗ ಚೀಲ ಯಾಕೆ ಖಾಲಿ ಎಂದು ವಿಚಾರಿಸಲು ಐದು ಜನ ಬಂದು ಕೂತಿದ್ದರು.

"ದೇವರ ಪಾಲಿಗೆ ಕೈ ಹಾಕಿದ ಮನೆಗೆ ಕಷ್ಟ ಸುಮ್‌ಸುಮ್ನೆ ಬರಲ್ಲಮ್ಮಾ," ಎಂದರು ಚಾಂಗ್ ಹಿರಿಯರು, ಹಣ್ಣು ಅಗಿಯುತ್ತ.

ಗಂಡ ಬಿದ್ದದ್ದು ಮೊದಲು, ಚೀಲ ಖಾಲಿಯಾದದ್ದು ಆಮೇಲೆ ಎಂದು ಅವಳು ಹೇಳಿದಳು. ಹಾಗಾದರೆ ಅದಕ್ಕಿಂತ ಹಿಂದಿನದು ಇನ್ನೇನೋ ಇರಬೇಕು ಎಂದರು ಅವರು. ಭಾನುವಾರ ಸಭೆಯ ಮುಂದೆ ನಿಂತು ಬಚ್ಚಿಟ್ಟ ಪಾಪವನ್ನು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಸುವಾರ್ತಿಕೆಯ ಕೆಲಸಕ್ಕೆ ಪಟ್ಟಣದ ಒಬ್ಬ ಹೊಸ ಹುಡುಗಿಯನ್ನು ಆಗಲೇ ನೋಡಿಟ್ಟಿದ್ದಾರೆ, ಪ್ರಾರ್ಥನಾಲಯದ ಹಿಂದಿನ ಈ ಮನೆಯೂ ಅವಳಿಗೆ ಬೇಕಾಗುತ್ತದೆ. ದೇವರೇ ಹೊಡೆದ ಮನೆಯಿಂದ ಹೊರಟವಳು ಬೇರೆಯವರ ಮನೆಯಲ್ಲಿ ಏನು ಸಮಾಧಾನ ಹೇಳುತ್ತಾಳೆ ಎಂದು ಜನ ಕೇಳುತ್ತಿದ್ದಾರಂತೆ. ಯಾವ ಜನ ಎಂದು ಮಾತ್ರ ಹೇಳಲಿಲ್ಲ. ಎಳೆಯ ಪಾಸ್ಟರು ತಮ್ಮ ಕಾಲುಚೀಲದ ತೂತನ್ನೇ ನೋಡುತ್ತ ಕೂತಿದ್ದರು. ತೇಷಿಕ್ ಆಡುವ ಬಲಗೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಅವರು ಹೋದ ಮೇಲೆ ಕುಮ್‌ರ್ಯೆ ಕೆಂಡವಾದಳು. ತಟ್ಟೆ ತೊಳೆಯುತ್ತ, ನೆಲ ಒರೆಸುತ್ತ, ಚಾಂಗ್ ವಂಶದ ಮೂರು ತಲೆಮಾರಿಗೂ ಮಂಗಳಾರತಿ ಮಾಡಿದಳು. ಇಪ್ಪತ್ತೆಂಟನೇ ವಯಸ್ಸಿಗೆ ದೇವರು ಕರೆದನೆಂದು ತವರನ್ನು ಬಿಟ್ಟು ಬಂದದ್ದು ಇವನ ಬಾಯಿಂದ ಇದನ್ನು ಕೇಳುವುದಕ್ಕಾ? ಕಾಯಿಲೆ ಬಿದ್ದವರ ಗುಡಾಣ ಇಣುಕುವುದನ್ನು ಇವರಿಗೆ ಕಲಿಸಿದವರಾದರೂ ಯಾರು?

ಹೊದಿಕೆಯೊಳಗಿಂದ ತೇಷಿಕ್ ಏನೋ ಅಂದ. ನಾಲಿಗೆ ಹೊರಳದೆ ಅರ್ಧ ಮಾತು ಒಳಗೇ ಉಳಿಯುತ್ತಿತ್ತು. ಅವಳು ಹತ್ತಿರ ಹೋಗಿ ಹೊದಿಕೆ ಸರಿಸಿದಳು.

"ನೀನೇ," ಎಂದ ಅವನು. "ಆ ಮಾತು ನಿಂದೇ ಕಣೇ. ಮಲ್‌ಸೂನ್ ಮನೇಲಿ."

ಅವನು ಚುಚ್ಚಲು ಹೇಳಿದ್ದಲ್ಲ. ನೆನಪಿದ್ದುದನ್ನು ಹೇಳಿದ, ಅಷ್ಟೇ. ಕುಮ್‌ರ್ಯೆಗೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಆರು ವರ್ಷದ ಹಿಂದೆ ಉಪ್ಪಿನ ಗದ್ದೆಯ ಕೂಲಿ ಮಲ್‌ಸೂನ್‌ಳ ಒಬ್ಬಳೇ ಮಗಳು ಬೊಕ್ಸಿಲ್ ದಡಾರದಲ್ಲಿ ಸತ್ತಿದ್ದಳು. ಆ ಮಳೆಗಾಲ ಗದ್ದೆ ಕೆಲಸವಿಲ್ಲದೆ ಮಲ್‌ಸೂನ್ ಎರಡು ತಿಂಗಳು ಚೀಲ ಕಳಿಸಿರಲಿಲ್ಲ. ಸಾವಿನ ಮನೆಗೆ ಪ್ರಾರ್ಥನೆಗೆ ಹೋದ ಕುಮ್‌ರ್ಯೆ ತಾನೇ ಗುಡಾಣದ ಮುಚ್ಚಳ ತೆಗೆದು ನೋಡಿ, ದೇವರ ಪಾಲು ತಪ್ಪಿಸಿದ ಮನೆಗೆ ಕಷ್ಟ ಸುಮ್ಮನೆ ಬರುವುದಿಲ್ಲ ಎಂದು ತಾನೇ ಹೇಳಿದ್ದಳು. ಮಲ್‌ಸೂನ್ ಎದ್ದು ಬಂದು ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಗುಡಾಣವನ್ನು ಮುಚ್ಚಿದಳು. ಅಂದಿನಿಂದ ಅವಳು ಸಭೆಗೆ ಬಂದಿಲ್ಲ. ಚೀಲ ಮಾತ್ರ ಪ್ರತಿ ಭಾನುವಾರ ಬಂದು ಪ್ರಾರ್ಥನಾಲಯದ ಗೇಟಿಗೆ ನೇತಾಡುತ್ತಿತ್ತು. ಖಂಡಿಸಿದ್ದು ಫಲ ಕೊಟ್ಟಿತು ಎಂದು ಕುಮ್‌ರ್ಯೆ ಇದನ್ನು ನಾಲ್ಕೂರಿನ ಕೂಟಗಳಲ್ಲಿ ಸಾಕ್ಷಿ ಹೇಳಿದ್ದಳು. ಗಂಡಹೆಂಡಿರಿಬ್ಬರೇ ಉಳಿದ ಆ ಮನೆಯ ಚೀಲ ಮೂವರದಷ್ಟು ತೂಗುವುದನ್ನು ಅವಳ ಕೈ ಆರು ವರ್ಷ ಎತ್ತಿ ನೋಡಿತ್ತು. ಎಂಥ ಭಕ್ತಿ ಎಂದುಕೊಂಡಿದ್ದಳು. ಥೂ, ಎಂದಳು ಈಗ, ತನಗೇ.

ಭಾನುವಾರ ಪಕ್ಕದ ಮನೆಯಾಕೆಯನ್ನು ಗಂಡನ ಬಳಿ ಕೂರಿಸಿ, ಅವಳು ಸಭೆಯ ಮುಂದೆ ನಿಂತಳು.

"ನನ್ನ ಗಂಡ ಬಿದ್ದಿದ್ದು ಬಿ.ಪಿ. ಏರಿ," ಎಂದಳು. "ಅದ್ರಲ್ಲಿ ಯಾರ ಪಾಪಾನೂ ಇಲ್ಲ. ನನ್ನ ಪಾಪ ಬೇರೆ ಇದೆ. ನಮ್ಮಲ್ಲಿ ಒಬ್ಬಳು ಮಗು ಕಳ್ಕೊಂಡು ಕೂತಿದ್ದಾಗ, ನಿನ್ನಿಂದ್ಲೇ ಸತ್ತಿದ್ದು ಅಂತ ನಾನು..."

ಚಾಂಗ್ ಹಿರಿಯರು ಚಪ್ಪಾಳೆ ತಟ್ಟಿ ಕೀರ್ತನೆ ಎತ್ತಿಕೊಂಡರು. ಯಾರಾದರೂ ದಾರಿ ತಪ್ಪಿ ಮಾತಾಡಿದರೆ ಅಲ್ಲಿ ಹಾಗೆಯೇ ಹಾಡಿ ಮುಳುಗಿಸುತ್ತಾರೆ. ಸಭೆಯೆಲ್ಲ ಹಾಡಿತು. ಕುಮ್‌ರ್ಯೆ ಕೈಕಟ್ಟಿ ಕಾದಳು. ನಾಲ್ಕು ಚರಣ ಮುಗಿದವು, ಹಿರಿಯರು ಮೊದಲಿನಿಂದ ಮತ್ತೆ ಹಾಡಿಸಿದರು. ಅವಳು ಅದನ್ನೂ ಕಾದಳು. ಮೂರನೆಯ ಸಲಕ್ಕೆ ಪಾಸ್ಟರು ಬಾಯಿ ತೆರೆಯಲಿಲ್ಲ. ಹೆಂಗಸರ ಸಾಲೂ ಒಬ್ಬೊಬ್ಬರಾಗಿ ನಿಂತಿತು. ಹಿರಿಯರ ಒಂಟಿ ಗಂಟಲು ಸ್ವಲ್ಪ ದೂರ ಹೋಗಿ ಸುಮ್ಮನಾಯಿತು.

"...ನಾನು ಹೇಳ್ದೆ," ಎಂದಳು ಕುಮ್‌ರ್ಯೆ. "ದೇವರ ಹೆಸರಲ್ಲಿ ಹೇಳ್ದೆ. ದೇವರು ನಂಗೆ ಹಾಗೆ ಹೇಳೋಕೆ ಹೇಳಿರ್ಲಿಲ್ಲ. ಮನೆ ಬೇಕಾದ್ರೆ ತಗೊಳ್ಳಿ. ದೇವರ ಕರೆಯನ್ನ ನೀವು ಕೊಟ್ಟಿಲ್ಲ, ನೀವು ತಗೊಳ್ಳೋಕೂ ಆಗಲ್ಲ."

ಗೇಟಿನಲ್ಲಿ ನೇತಾಡುತ್ತಿದ್ದ ಮಲ್‌ಸೂನ್‌ಳ ಚೀಲವನ್ನು ಬಿಚ್ಚಿಕೊಂಡು ಅವಳು ಉಪ್ಪಿನ ಗದ್ದೆಯ ಏರಿಯ ಮೇಲೆ ನಡೆದಳು.

ಮಲ್‌ಸೂನ್ ಬಾಗಿಲಲ್ಲಿ ನಿಂತು ಅವಳು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಬಾ ಎನ್ನಲಿಲ್ಲ.

"ಆರು ವರ್ಷ ಬೇಕಾಯ್ತಾ ಅಕ್ಕಾ?"

"ಬೇಕಾಯ್ತು."

"ನಿಮ್ ಗಂಡ ಬೀಳದೆ ಇದ್ದಿದ್ರೆ ಬರ್ತಾನೇ ಇರ್ಲಿಲ್ಲ."

ಕುಮ್‌ರ್ಯೆಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲ," ಎಂದಳು.

"ಇದ್ರಲ್ಲಿ ನನ್ನ ಬೊಕ್ಸಿಲ್ ಚಮಚಾನೂ ಇದೆ. ಹೊತ್ತುಹೊತ್ತಿಗೂ ಹಾಕಿದೀನಿ. ನಿಮ್ ದೇವರ ಲೆಕ್ಕ ತಪ್ಪಬಾರ್ದಲ್ಲ."

ಚೀಲ ಕಸಿದುಕೊಂಡು ಮಲ್‌ಸೂನ್ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಕುಮ್‌ರ್ಯೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಕ್ಷಮಿಸು ಎನ್ನುವ ಹಕ್ಕೂ ತನಗಿಲ್ಲ ಎನ್ನಿಸಿತು. ಎದುರಿಗೆ ಗದ್ದೆಗಳಲ್ಲಿ ಕಡಲ ನೀರು ಬಿಸಿಲಿಗೆ ಬತ್ತುತ್ತಿತ್ತು.

"ನಿಮ್ ಗಂಡನ ಹತ್ರ ಯಾರಿದಾರೆ ಈಗ?" ಒಳಗಿಂದ ಮಲ್‌ಸೂನ್‌ಳ ದನಿ ಬಂತು.

"ಪಕ್ಕದ ಮನೆಯವರು."

ಆಮೇಲೆ ಚೀಲದಿಂದ ಅಕ್ಕಿ ಸುರಿದ ಸದ್ದು, ನೀರಿನಲ್ಲಿ ಅದನ್ನು ತೊಳೆಯುವ ಸದ್ದು. ಒಲೆಯ ಮೇಲಿನ ಗಂಜಿ ಪಾತ್ರೆಗೆ ಮಲ್‌ಸೂನ್ ನಿಧಾನವಾಗಿ ಮುಚ್ಚಳ ಮುಚ್ಚಿದ್ದು ಕೇಳಿಸಿತು.