ಕ್ಲಚ್ ವೈರು

ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ಬೆಕ್ಕಿನ ಹೊಟ್ಟೆಯ ಹಾಗೇ, ಬಿಳಿ ಕೂದಲು, ಮೇಲೊಂದು ಇರುವೆ — ಚಿರತೆಯ ಮುಖ ನೋಡಲು ಸಂಗಮೇಶನಿಗೆ ಆಗುತ್ತಿಲ್ಲ, ಸೊಂಟಕ್ಕೆ ಕಚ್ಚಿಕೊಂಡ ವೈರನ್ನಂತೂ ಇಲ್ಲವೇ ಇಲ್ಲ, ಅದಕ್ಕೇ ಹೊಟ್ಟೆ. ರಾಗಿ ಹೊಲದ ಬದುವಿನ ಮೇಲೆ ಹಾಗಲವಾಡಿಯ ಅರ್ಧ ಊರು ನಿಂತಿದೆ, ಎಲ್ಲರ ಕೈಯಲ್ಲೂ ಮೊಬೈಲು, ಏನ್ಲಾ ಹೀರೋ, ಒಂದ್ ಡೈಲಾಗ್ ಹೊಡಿಯಲಾ ಅದ್ರ ಮುಂದೆ, ರೀಲ್ಸ್ ಮಾಡಾನ, ಪಕ್ಕದ ತೋಟದ ಗಂಗಾಧರ ಹೆಗಲು ತಟ್ಟುತ್ತಾನೆ — ಬೇರೆ ದಿನವಾಗಿದ್ದರೆ ಕಾಲರ್ ಎತ್ತಿ, ಕಾಡಿಗೆ ನೀನ್ ಕಿಂಗಾದ್ರೆ ಕಾಡಿಗೇ ನಾನ್ ಓನರ್ರು ಅಂದುಬಿಡುತ್ತಿದ್ದ, ಶಿಳ್ಳೆ ಬೀಳುತ್ತಿತ್ತು. ಈಗ ಗಂಗಾಧರನ ಕೈಯನ್ನು ಹೆಗಲಿಂದ ಸರಿಸುತ್ತಾನೆ. ಟೀ ಶರ್ಟಿನ ಎದೆ ಮೇಲೆ ದಪ್ಪ ಇಂಗ್ಲಿಷ್ ಅಕ್ಷರ, ವೈಲ್ಡ್, ತುಮಕೂರಲ್ಲಿ ಅವನ ಹುಡುಗಿ ಪಲ್ಲವಿ ಆರಿಸಿ ಕೊಟ್ಟದ್ದು, ಕುಣಿಗಲ್ ರೋಡಲ್ಲಿ ಬೈಕ್ ಎತ್ತಿ ವೀಲಿಂಗ್ ಮಾಡಿದ ದಿನ, ಸಖತ್ ವೈಲ್ಡ್ ಕಣೋ ನೀನು, ಅಂದು ಸೊಂಟ ಬಿಗಿಯಾಗಿ ಹಿಡಿದಿದ್ದಳು — ಸೊಂಟ — ಬೇಡ, ಹೊಟ್ಟೆ ನೋಡು, ಏರಿತು, ಇಳಿಯಿತು. ಎದೆಯ ಅಕ್ಷರ ಓದಿ ತಂಗಿ ಇಂಪನಾ ನಕ್ಕಿದ್ದಳು, ನಮ್ ಮಿಸ್ ಹೇಳಿದ್ರು ಕಣಣ್ಣ, ವೈಲ್ಡ್ ಅಂದ್ರೆ ಕಾಡುಪ್ರಾಣಿ, ಬಿತ್ತದೇ ಬೆಳೆದ ಹೂವು, ಬಿರುಗಾಳಿ, ತಲೆಕೆಟ್ಟ ಕೋಪ, ಗೊತ್ತುಗುರಿ ಇಲ್ದಿರೋ ಊಹೆ, ಆಮೇಲೆ ನಿನ್ ತಲೆಕೂದ್ಲು — ಇಲ್ಲಿ ಬಿದ್ದಿರುವುದು ಅದ್ಯಾವುದೂ ಅಲ್ಲ, ಗೂಟಕ್ಕೆ ಕಟ್ಟಿದ ಕರು.

ವೈರು ತುಮಕೂರು ಸತ್ಯಮಂಗಲದ ಗ್ಯಾರೇಜಿನದು, ಅವನು ಕೆಲಸ ಮಾಡುವ ಕಡೆಯದು, ಹಳೇ ಬೈಕಿನ ಕ್ಲಚ್ ವೈರು, ಕಾಡುಹಂದಿಗೆ ಎಲ್ಲರೂ ಉರುಳು ಕಟ್ಟುವುದು ಅದರಲ್ಲೇ, ರಾಗಿ ಉಳಿಬೇಕಲ್ಲ ಮಗಾ, ನನ್ ಕೈ ಬರಲ್ಲ, ನೀನೇ ಕಟ್ಟು, ಅಂದಿದ್ದ ಅಪ್ಪ, ಲಕ್ವ ಹೊಡೆದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೋರಿಸಿ, ಇವನು ಬೇಲಿಯ ಸಂದಿಯಲ್ಲಿ ಉರುಳು ಬಿಗಿದು ಹಾಡು ಗುನುಗುತ್ತಾ ಬಂದಿದ್ದ. ಹಂದಿ ನುಗ್ಗುವ ಸಂದಿಯಲ್ಲಿ ಹಂದಿ ಮಾತ್ರ ನುಗ್ಗುತ್ತದೆ ಅಂತ ಹೇಳಿದ್ದವರು ಯಾರು — ಯಾರ್ರೀ ಉರುಳು ಕಟ್ಟಿದ್ದು, ಫಾರೆಸ್ಟ್ ಗಾರ್ಡು ಕೂಗುತ್ತಿದ್ದಾನೆ, ಚಿರತೆ ಬಿಡಿಸೋ ಡಾಕ್ಟ್ರು ಗುಬ್ಬಿ ದಾಟವ್ರೆ, ಬರೋಗಂಟ ಉಳುದ್ರೆ ಸರಿ, ಸತ್ರೆ ಮುಗೀತು, ವೈಲ್ಡ್ ಲೈಫ್ ಕೇಸು, ಜೈಲೇ — ನಾನೇ ಕಣ್ ಸಾಮಿ, ಅಯ್ಯೋ, ಅದು ಅಪ್ಪನ ದನಿ, ಅಡವಿಯಪ್ಪ ಅಂತ ಹೆಸ್ರು ಬರ್ಕಳಿ. ಈ ಕೈಲಾ? ಹೂಂ ಸಾಮಿ, ಹಲ್ಲಲ್ಲಿ ಕಚ್ಚಿ ಎಳ್ದೆ. ಅಪ್ಪನ ಕಣ್ಣು ಜನರ ನಡುವೆ ಇವನನ್ನು ಹುಡುಕಿ, ಸುಮ್ನಿರು ಅನ್ನುತ್ತಿದೆ, ಜೋತುಬಿದ್ದ ಆ ಕೈಯನ್ನು ಹಿಡಿದು ಫಾರೆಸ್ಟಿನವರು ಜೀಪಿನ ಕಡೆ ಎಳೆಯುತ್ತಿದ್ದಾರೆ, ಗಂಟಲು ಹರಿಯಲಿ, ಏನಾದರಾಗಲಿ — ಅಪ್ಪನ್ನ ಬುಡಿ ಸಾರ್, ಕಟ್ಟಿದ್ದು ನಾನು!

ಬಂತಪ್ಪಾ ಡೈಲಾಗು! ಗಂಗಾಧರ ಮೊಬೈಲ್ ಎತ್ತುತ್ತಾನೆ, ಇನ್ನೊಂದ್ಸಲ ಹೇಳ್ಲಾ, ಮುಖ ಈ ಕಡೆ ಮಾಡು, ಶಿಳ್ಳೆ, ಚಪ್ಪಾಳೆ, ಏಯ್, ಆಚೆ ಹೋಗೋ, ನಿನ್ ಸಿನಿಮಾ ಆಮೇಲೆ, ಗಾರ್ಡಿನ ಕೈ ಎದೆಯ ಅಕ್ಷರಗಳ ಮೇಲೆ ಬಿದ್ದು ಹಿಂದಕ್ಕೆ ತಳ್ಳುತ್ತದೆ, ನಿಜ ಸಾರ್, ಡೈಲಾಗ್ ಅಲ್ಲ ಸಾರ್, ಅಮ್ಮನಾಣೆ — ನಗು ಇನ್ನೂ ಜೋರಾಗುತ್ತದೆ, ಜೀಪಿನ ಬಾಗಿಲು ಬಡಿಯುತ್ತದೆ, ಅವನು ತಿರುಗುತ್ತಾನೆ, ಬಿಳಿ ಕೂದಲು, ಇರುವೆ, ಹೊಟ್ಟೆ ಏರಿತು, ಇಳಿಯಿತು, ಏರು, ಏರೇ ತಾಯಿ —

ಇಳಿದೇ ಇದೆ.